ಮೊದಲ ಮಾದರಿಯ ಖರ್ಚು ಯಾರದು?

ಅಡಿಕೆ ಸುಲಿಯುವ ಯಂತ್ರವಿರಲಿ, ಭತ್ತ ಒಣಗಿಸುವ ಯಂತ್ರವಿರಲಿ, ಮೊದಲ ಮಾದರಿ ಒಂದೇ ಸಲಕ್ಕೆ ಕೈಗೂಡುವುದು ಅಪರೂಪ. ಅದು ಕೆಟ್ಟರೆ ಹೋಗುವುದು ಮಾಡಿದವನ ದುಡ್ಡು. ಬ್ಯಾಂಕು ಕೊಡುವುದು ಸಾಲ. ಯಂತ್ರ ನಡೆಯದಿದ್ದರೂ ಕಂತು ನಿಲ್ಲದು.

ಈ ಭಾರ ಹೊರಲೆಂದೇ ಸರ್ಕಾರದ ಅನುದಾನಗಳಿವೆ. ಕೇಂದ್ರದ ನಿಧಿ-ಪ್ರಯಾಸ್ ಯೋಜನೆಯಲ್ಲಿ ಮಾದರಿ ತಯಾರಿಕೆಗೆ 10 ಲಕ್ಷ ರೂಪಾಯಿವರೆಗೆ ನೆರವುಂಟು. ಕರ್ನಾಟಕ ಸರ್ಕಾರ 2017ರಲ್ಲಿ ಆರಂಭಿಸಿದ ಎಲಿವೇಟ್‌ನಲ್ಲಿ ಆಯ್ಕೆಯಾದ ಹೊಸ ಉದ್ಯಮಕ್ಕೆ 50 ಲಕ್ಷದವರೆಗೆ. ಇದು ಸಾಲವಲ್ಲ, ಉದ್ಯಮದಲ್ಲಿ ಪಾಲನ್ನೂ ಕೇಳುವುದಿಲ್ಲ.

ಕೊಪ್ಪಳ ಜಿಲ್ಲೆಯನ್ನೇ ನೋಡೋಣ. ಗಂಗಾವತಿಯಲ್ಲಿ ತುಂಗಭದ್ರೆಯ ನೀರು, ಭತ್ತ, ಅಕ್ಕಿ ಗಿರಣಿ. ಕುಷ್ಟಗಿ, ಯಲಬುರ್ಗಾಗಳಲ್ಲಿ ಮಳೆ ನಂಬಿದ ಹೊಲ. ಎರಡಕ್ಕೂ ಬೇರೆ ಬೇರೆ ಯಂತ್ರ ಬೇಕು. ಇರುವ ಯಂತ್ರದ ಕೊರತೆ ಬಲ್ಲವನು ಅದನ್ನು ದಿನವೂ ಬಿಚ್ಚಿ ಜೋಡಿಸುವ ಊರಿನ ಮೆಕ್ಯಾನಿಕ್. ಆದರೆ ಎಲಿವೇಟ್‌ಗೆ ನೋಂದಾಯಿತ ಸಂಸ್ಥೆಯಾಗಬೇಕು, ಯೋಜನೆಯನ್ನು ಬರೆದು ಒಪ್ಪಿಸಬೇಕು. ಕಸುಬು ಬಲ್ಲವನು ಕಾಗದದಲ್ಲಿ ಸೋಲುತ್ತಾನೆ.

ಮಲೆನಾಡಿನ ನಮ್ಮ ಕಡೆಯೂ ಇದೇ ಪಾಡು. ಅರ್ಜಿ ಬರೆಯಲು ಒಬ್ಬ ಗುಮಾಸ್ತ, ಪರೀಕ್ಷೆಗೆ ಒಂದು ಅಂಗಳ, ಯಂತ್ರದ ಗುಣದೋಷ ಬರೆದಿಡಲು ಒಂದು ಪುಸ್ತಕ: ಇಷ್ಟನ್ನು ನಮ್ಮಂಥ ಸಂಘಗಳು ಕೊಡಬಲ್ಲವು. ಕೊಟ್ಟರೆ ಅನುದಾನ ಊರಿನ ವರ್ಕ್‌ಷಾಪಿಗೂ ತಲುಪೀತು.