ಗಣಿ ಮುಚ್ಚಿತು, ಊರು ಮುಚ್ಚಲಿಲ್ಲ

ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಛಾಯಾಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣಸಿಗುವುದು ತುಕ್ಕು ಹಿಡಿದ ಶಾಫ್ಟ್ ಗೋಪುರ, ಹೆಂಚು ಕಳಚಿದ ಬ್ರಿಟಿಷರ ಬಂಗಲೆ, ಸಂಜೆಬಿಸಿಲಿಗೆ ಹೊಳೆಯುವ ಸಯನೈಡ್ ದಿಬ್ಬ. ಮನುಷ್ಯರಿದ್ದರೂ ದಿಬ್ಬದ ಎತ್ತರ ತೋರಿಸಲೆಂದು ನಿಲ್ಲಿಸಿದಂತೆ ದೂರದಲ್ಲಿರುತ್ತಾರೆ. ಚಿತ್ರಗಳು ಸುಂದರವಾಗಿವೆ, ನಿಜ. ಆದರೆ ಅಳಿಯುತ್ತಿರುವ ಗಣಿಯೂರಿನ ದಾಖಲೆಯಾಗಿ ಅವು ಸೋಲುತ್ತವೆ. 2001ರ ಫೆಬ್ರುವರಿ 28ರಂದು ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಜನ ಊರು ಬಿಡಲಿಲ್ಲ. ನಸುಕಿನಲ್ಲಿ ಮಾರಿಕುಪ್ಪಂ ರೈಲು ಹತ್ತಿ, ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ದುಡಿದು, ಕತ್ತಲಾದ ಮೇಲೆ ಮರಳುವವರು ಸಾವಿರಾರು. ಮೂರು ಕಿಲೋಮೀಟರ್ ಆಳದ ಚಾಂಪಿಯನ್ ರೀಫ್ ಗಣಿಯಲ್ಲಿ ಅಪ್ಪ, ತಾತಂದಿರು ದುಡಿದ ಮನೆಯ ಮಕ್ಕಳು ಇವರು. ಗಣಿ ಮುಚ್ಚಿದ್ದರ ಅರ್ಥ ತಿಳಿಯಬೇಕಾದರೆ ಆ ಬೋಗಿಯೊಳಗೆ ಹೋಗಬೇಕು.

ಪಾಳಿನ ಚಿತ್ರದಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ನಷ್ಟವಿದೆ. ಸಯನೈಡ್ ದಿಬ್ಬವೆಂದರೆ ಚಿನ್ನ ತೆಗೆದು ಸುರಿದ ಕಲ್ಲಿನ ಪುಡಿ, ಅದು ಮೂರು ಕೋಟಿ ಟನ್ನಿಗೂ ಹೆಚ್ಚು. ಗಾಳಿ ಎದ್ದರೆ ಅದರ ಧೂಳು ಕಾರ್ಮಿಕರ ಸಾಲುಮನೆಗಳಾದ ಲೈನುಮನೆಗಳ ಒಳಗೆ ಬರುತ್ತದೆ. ಬದುಕಿಡೀ ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಅಂಟಿಸಿಕೊಂಡವರಿದ್ದ ಊರಿಗೆ ಇದು ಚೆಲುವಿನ ಸಂಗತಿಯಾಗಲಾರದು. ಈಗಂತೂ ಆ ದಿಬ್ಬಗಳಲ್ಲಿ ಉಳಿದ ಚಿನ್ನಕ್ಕಾಗಿ ಅವನ್ನು ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಒಪ್ಪಿಗೆ ಕೊಟ್ಟಿದೆ. ದಿಬ್ಬದ ಬುಡದಲ್ಲೇ ಮನೆಗಳಿವೆ ಎಂದು ನೋಡುಗನಿಗೆ ತಿಳಿಸದ ಚಿತ್ರ, ಅದು ಯಾರದೂ ಅಲ್ಲದ ಬಯಲು ಎಂಬ ಭಾವನೆಯನ್ನೇ ಬೆಳೆಸುತ್ತದೆ.

ಗೋಪುರವೂ ಚರಿತ್ರೆಯೇ, ಅದು ಗುಜರಿಗೆ ಹೋಗುವ ಮುನ್ನ ಚಿತ್ರವಾಗಲಿ ಎನ್ನುವವರ ಮಾತು ಒಪ್ಪತಕ್ಕದ್ದೇ. ಅದರ ಅಳತೆ, ಅದರ ಯಂತ್ರ, ಎಲ್ಲವೂ ದಾಖಲಾಗಲಿ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಬಡವರ ಮನೆಗೆ ಕ್ಯಾಮೆರಾ ನುಗ್ಗಿಸುವುದಕ್ಕಿಂತ ಖಾಲಿ ಕಟ್ಟಡ ತೆಗೆಯುವುದೇ ಸಭ್ಯತೆಯಲ್ಲವೇ? ನುಗ್ಗುವುದು ತಪ್ಪು, ಆದರೆ ಜೊತೆಗಿರುವ ದಾರಿಯೂ ಇದೆ. ಇಂಗ್ಲೆಂಡಿನ ಲೈನ್‌ಮತ್ ತೀರದಲ್ಲಿ ಕಡಲು ತಂದೊಗೆವ ಕಲ್ಲಿದ್ದಲು ಆಯ್ದು ಬದುಕುತ್ತಿದ್ದವರು ಛಾಯಾಗ್ರಾಹಕ ಕ್ರಿಸ್ ಕಿಲಿಪ್‌ರನ್ನು ಮೊದಲು ಓಡಿಸಿದ್ದರು. ವರ್ಷಗಳ ನಂತರ, 1980ರ ದಶಕದಲ್ಲಿ, ಅವರ ವಿಶ್ವಾಸ ಗಳಿಸಿ, ಅವರ ಬಿಡಾರದಲ್ಲೇ ಕ್ಯಾರವಾನ್ ಹೂಡಿ ನೆಲೆಸಿ ಕಿಲಿಪ್ ಚಿತ್ರ ತೆಗೆದರು. ಅವುಗಳಲ್ಲಿ ಕಾಣುವ ಜನ ಕರುಣೆ ಬೇಡುವುದಿಲ್ಲ, ಕೆಲಸದಲ್ಲಿರುತ್ತಾರೆ. ಕೆಜಿಎಫ್‌ಗೆ ಬೇಕಿರುವುದು ಅಷ್ಟು ದೀರ್ಘವಾದ ಒಡನಾಟ. ಚಿತ್ರದ ಅಡಿಯಲ್ಲಿ ಬರೀ ಊರಿನ ಹೆಸರು ಸಾಲದು: ಯಾವ ಲೈನು, ಅಲ್ಲಿಯವರು ಯಾವ ಶಾಫ್ಟಿನಲ್ಲಿ ಇಳಿಯುತ್ತಿದ್ದರು, ಮನೆಯ ಹಕ್ಕುಪತ್ರ ಕೈಸೇರಿದೆಯೇ ಎಂಬುದನ್ನು ಅವರ ಒಪ್ಪಿಗೆ ಪಡೆದು ಬರೆಯಬೇಕು. ಪ್ರದರ್ಶನ ಬೆಂಗಳೂರಿಗೆ ಹೋಗುವ ಮುನ್ನ ಇದೇ ಊರಿನ ರಾಬರ್ಟ್‌ಸನ್‌ಪೇಟೆಯಲ್ಲಿ ನಡೆಯಬೇಕು, ತಪ್ಪಿದ್ದರೆ ತಿದ್ದುವವರು ಅಲ್ಲೇ ಇದ್ದಾರೆ.