ಸಮಯ ಪಾಲನೆ: ಎಲ್ಲ ವೃತ್ತಿಗೂ ಒಂದೇ ಸೂತ್ರ ಸಲ್ಲದು

ಮೈಸೂರು: 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ರೂಪಿಸಿದ ‘ಪೊಮೊಡೊರೊ’ ವಿಧಾನದಲ್ಲಿ 25 ನಿಮಿಷ ಏಕಾಗ್ರ ದುಡಿಮೆ, 5 ನಿಮಿಷ ವಿರಾಮ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಾಫ್ಟ್‌ವೇರ್ ತಂತ್ರಜ್ಞರಿಗೆ ಇದು ಒಗ್ಗಬಹುದು, ಕೆ.ಆರ್. ಆಸ್ಪತ್ರೆಯ ದಾದಿಗೆ ಒಗ್ಗದು. ರೋಗಿಯ ಕರೆ ಗಡಿಯಾರಕ್ಕೆ ಕಾಯುವುದಿಲ್ಲ. ಆಕೆಗೆ ಬೇಕಾದುದು ತುರ್ತಿನ ಕ್ರಮ ಮತ್ತು ಪಾಳಿ ಬದಲಾಗುವಾಗ ಒಪ್ಪಿಸುವ ಲಿಖಿತ ಪಟ್ಟಿ; ಅದರಲ್ಲಿ ಒಂದು ಔಷಧಿಯ ಉಲ್ಲೇಖ ತಪ್ಪಿದರೂ ಜೀವಕ್ಕೆ ಕುತ್ತು ಬರಬಹುದು.

ದೇವರಾಜ ಮಾರುಕಟ್ಟೆಯಲ್ಲಿ ಹೂ ಬಾಡುವ ಮುನ್ನ ಮಾರಾಟವಾಗಬೇಕು. ಹೀಗಾಗಿ ಹೂವಾಡಗಿತ್ತಿಗೆ ಗಿರಾಕಿ ಇಲ್ಲದ ಹೊತ್ತೇ ಮಾಲೆ ಕಟ್ಟುವ ಹೊತ್ತು.

ಆದ್ದರಿಂದ ವಿಧಾನ ಆರಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಸಮಯ ಯಾರ ಕೈಯಲ್ಲಿದೆ? ತಮ್ಮ ಕೈಯಲ್ಲಿದ್ದರೆ ಗಡಿಯಾರ. ಪರರ ಕೈಯಲ್ಲಿದ್ದರೆ ಆದ್ಯತೆಯ ಪಟ್ಟಿ ಹಾಗೂ ಬಿಡುವಿನ ಸದುಪಯೋಗ.