ಗುಂಗುರು ಕೂದಲು ಗಟ್ಟಿಯಲ್ಲ, ನಾಜೂಕು

“ಗುಂಗುರು ಕೂದಲು ಹಗ್ಗದ ಹಾಗೆ, ಎಷ್ಟೆಳೆದರೂ ಏನಾಗಲ್ಲ ಕಣೇ.” ಕಡೂರಿನ ನಮ್ಮ ಮನೆಯ ಜಗುಲಿಯ ಮೇಲೆ ಅತ್ತೆ ನನ್ನನ್ನು ಮುಂದೆ ಕೂರಿಸಿಕೊಂಡು, ಒಣಗಿದ ತಲೆಗೆ ಸೀರಣಿಗೆ ಹಾಕುತ್ತ ಹೇಳುತ್ತಿದ್ದ ಮಾತಿದು. ಬಾಚಿ ಮುಗಿದಾಗ ಹಣಿಗೆಯ ಹಲ್ಲಿಗೆ ಒಂದು ಉಂಡೆ ಕೂದಲು ಸುತ್ತಿಕೊಂಡಿರುತ್ತಿತ್ತು. ಬುಡದಿಂದ ಉದುರಿದ ಕೂದಲಿಗೆ ಒಂದು ತುದಿಯಲ್ಲಿ ಬಿಳಿ ಗಂಟು ಇರುತ್ತದೆ. ಆ ಉಂಡೆಯಲ್ಲಿ ಇದ್ದದ್ದು ಬರೀ ತುಂಡುಗಳು, ಗಂಟೇ ಇಲ್ಲ. ಅವು ಉದುರಿದ್ದಲ್ಲ, ಮುರಿದದ್ದು. ಮಗಳ ತಲೆ ಬಾಚಲು ಕೂತ ಮೇಲೆ ನನಗೆ ಇದು ಗೊತ್ತಾಯಿತು.

ನೇರ ಕೂದಲಿನ ಎಳೆ ದುಂಡಗಿರುತ್ತದೆ, ಗುಂಗುರು ಕೂದಲಿನದು ಚಪ್ಪಟೆ. ಅದು ಹುಟ್ಟುವ ಗುಣಿಯೇ ಚರ್ಮದೊಳಗೆ ಬಾಗಿರುತ್ತದೆ. ಎಳೆ ತಿರುಚಿಕೊಂಡ ಒಂದೊಂದು ಜಾಗವೂ ಮುರಿಯುವ ಜಾಗ. ನೆತ್ತಿಯ ಜಿಡ್ಡು ನೇರ ಕೂದಲಿನಲ್ಲಿ ತುದಿವರೆಗೆ ಇಳಿಯುತ್ತದೆ, ಸುರುಳಿಯಲ್ಲಿ ಬುಡದಲ್ಲೇ ನಿಂತುಬಿಡುತ್ತದೆ. ಹಾಗಾಗಿ ತುದಿ ಒಣಗಿ ಕೈಗೆ ಒರಟಾಗಿ ಸಿಗುತ್ತದೆ. ಆ ಒರಟುತನವನ್ನೇ ನಾವು ಗಟ್ಟಿತನ ಅಂದುಕೊಂಡೆವು.

ಈ ಗುಣ ಅತಿ ಹೆಚ್ಚಾಗಿರುವುದು ಆಫ್ರಿಕಾ ಮೂಲದವರ ಕೂದಲಿನಲ್ಲಿ. ನಮ್ಮ ನಾಡಿನಲ್ಲೇ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿಯರಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಗುಲಾಮರನ್ನಾಗಿ ಗೋವೆಗೆ ತಂದವರ ವಂಶದವರು ಇವರಲ್ಲಿ ಬಹಳ ಜನ. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಆ ಮಕ್ಕಳ ಒತ್ತು ಸುರುಳಿ ನೋಡಿ “ತಲೆನೇ ಬಾಚಿಲ್ಲ” ಅನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬಾಚಿದರೂ ಆ ಕೂದಲು ಹಾಗೇ ಇರುತ್ತದೆ, ಅದರ ಹುಟ್ಟೇ ಹಾಗೆ.

“ಒದ್ದೆ ತಲೆ ಬಾಚಬಾರದು” ಎಂಬ ಮಾತು ನೇರ ಕೂದಲಿಗೆ ಸರಿ. ಗುಂಗುರಿಗೆ ತಿರುವುಮುರುವು: ಒಣಗಿದಾಗ ಬಾಚಿದರೇ ಹೆಚ್ಚು ಮುರಿಯುತ್ತದೆ. ಒದ್ದೆಯಿರುವಾಗ, ಜಾರುವಂಥದ್ದೇನಾದರೂ ಹಚ್ಚಿ ಬಿಡಿಸಬೇಕು. ನಾನು ಮಾಡುವುದು ಇಷ್ಟು. ಹಿತ್ತಲಿನ ದಾಸವಾಳದ ಹದಿನೈದು ಇಪ್ಪತ್ತು ಎಲೆ ಕಿತ್ತು, ಒಂದು ಚೊಂಬು ನೀರಿನಲ್ಲಿ ಹಾಕಿ ಹಿಸುಕುತ್ತೇನೆ. ನೀರು ನಿಧಾನಕ್ಕೆ ಹಸಿರಾಗಿ, ಬೆರಳಿನ ನಡುವೆ ನೂಲಿನಂತೆ ಇಳಿಯುವ ಲೋಳೆಯಾಗುತ್ತದೆ. ಹಳೇ ಪಂಚೆ ಬಟ್ಟೆಯಲ್ಲಿ ಸೋಸಲೇಬೇಕು. ಇಲ್ಲದಿದ್ದರೆ ಎಲೆಯ ಚೂರು ಸುರುಳಿಯೊಳಗೆ ಸೇರಿಕೊಂಡು ಎರಡು ದಿನ ಕಾಡುತ್ತದೆ. ಲೋಳೆ ಹಚ್ಚಿ, ಮೊದಲು ಬೆರಳಿನಲ್ಲಿ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಲ್ಲಿ, ತುದಿಯಿಂದ ಶುರುಮಾಡಿ ಬುಡದ ಕಡೆಗೆ ಸಿಕ್ಕು ಬಿಡಿಸುತ್ತೇನೆ. ಮೆಂತ್ಯ ನೆನೆಸಿದ ಲೋಳೆಯೂ ಆಗುತ್ತದೆ. ಮಗಳು ಈಗ ಅಳುವುದಿಲ್ಲ.

ಸೀಗೆಕಾಯಿ ಒಳ್ಳೆಯದೋ ಕೆಟ್ಟದೋ ಎಂದು ಬಹಳ ಜನ ಕೇಳುತ್ತಾರೆ. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು. ಬಟ್ಟೆ ಸೋಪು, ಮೈ ಸೋಪು ಹಾಕಿದರೆ ನೀರಿನ ಸುಣ್ಣದಂಶದ ಜೊತೆ ಸೇರಿ ಬಿಳಿ ಗಸಿಯಾಗಿ ಕೂದಲಿಗೆ ಅಂಟುತ್ತದೆ. ಸೀಗೆ, ಅಂಟುವಾಳದ ನೊರೆಗೆ ಈ ತೊಂದರೆಯಿಲ್ಲ. ಅದು ಸಪೋನಿನ್ ಎಂಬ ಬೇರೆಯೇ ವಸ್ತುವಿನಿಂದ ಬರುವ ನೊರೆ. ಆದರೆ ಸೀಗೆ ಜಿಡ್ಡನ್ನು ಚೆನ್ನಾಗಿಯೇ ತೆಗೆಯುತ್ತದೆ, ಗುಂಗುರು ಕೂದಲಿಗೆ ಇರುವ ಜಿಡ್ಡೇ ಕಡಿಮೆ. ಪುಡಿಯನ್ನು ನೇರ ತಲೆಗೆ ಉಜ್ಜುವ ಬದಲು ಕುದಿಸಿ ಸೋಸಿದ ನೀರನ್ನು ನೆತ್ತಿಗಷ್ಟೇ ಹಾಕಿ, ವಾರಕ್ಕೊಮ್ಮೆ ಸಾಕು.

ಎಣ್ಣೆಯ ವಿಷಯದಲ್ಲಿ ನಮ್ಮ ತೆಂಗಿನ ಸೀಮೆಯವರು ಹೆಮ್ಮೆಪಡಬಹುದು. 2003ರ ಅಧ್ಯಯನವೊಂದರಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹಚ್ಚಿ ನೋಡಿದಾಗ, ಕೂದಲಿನ ಪ್ರೋಟೀನ್ ನಷ್ಟವನ್ನು ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಲಾರಿಕ್ ಆಮ್ಲ ಎಳೆಯ ಒಳಗೆ ಇಳಿಯುತ್ತದೆ. ಇದು ತೆಂಗಿನೆಣ್ಣೆ ಮಾರುವ ಕಂಪನಿಯ ಸಂಶೋಧಕರ ಕೆಲಸ ಎಂಬುದನ್ನೂ ಹೇಳಬೇಕು. ಸ್ನಾನಕ್ಕೆ ಮುಂಚೆ, ತುದಿಗೆ ಹಚ್ಚಿದರೆ ಹೆಚ್ಚು ಲಾಭ. ಹರಳೆಣ್ಣೆ ಹಚ್ಚಿದರೆ ಕೂದಲು ಒತ್ತಾಗಿ ಹುಟ್ಟುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ, ಮೇಲೆ ಲೇಪವಾಗಿ ಮಿನುಗು ಕೊಡುತ್ತದೆ ಅಷ್ಟೆ. ತಲೆಹೊಟ್ಟಿಗೆ ಎಣ್ಣೆ ಮದ್ದಲ್ಲ. ಹೊಟ್ಟಿಗೆ ಕಾರಣವಾಗುವ ಮಲಸೀಜಿಯಾ ಎಂಬ ಶಿಲೀಂಧ್ರಕ್ಕೆ ಜಿಡ್ಡೇ ಊಟ. ಅದಕ್ಕೆ ಕೀಟೊಕೊನಜೋಲ್ ಇರುವ ಶಾಂಪೂ ಬೇಕು.

“ಬೆಳೆಯೋದೇ ಇಲ್ಲ” ಎನ್ನುವುದು ಇನ್ನೊಂದು. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಬುಡದಲ್ಲಿ ಬೆಳೆದಷ್ಟು ತುದಿಯಲ್ಲಿ ಮುರಿದರೆ ಉದ್ದ ಕಾಣುವುದಿಲ್ಲ. ಒಂದು ಸುರುಳಿಯನ್ನು ಎಳೆದು ನೋಡಿ, ಭುಜದ ಮೇಲಿದ್ದದ್ದು ಬೆನ್ನಿನ ಅರ್ಧಕ್ಕೆ ಬರುತ್ತದೆ. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದರೆ ನೇರ ಬರುತ್ತದೆ ಎಂದು ಕಾಯುವವರೂ ಇದ್ದಾರೆ. ಮುಡಿ ಭಕ್ತಿಯ ಮಾತು. ಕ್ಷೌರದ ಕತ್ತಿ ಚರ್ಮದೊಳಗಿನ ಗುಣಿಯನ್ನು ಮುಟ್ಟುವುದಿಲ್ಲ.

ಅಜ್ಜಂಪುರದ ಕಡೆ ಈರುಳ್ಳಿಗೆ ಬರವಿಲ್ಲ, ಅದರ ರಸ ತಲೆಗೆ ತಿಕ್ಕುವವರಿಗೂ ಬರವಿಲ್ಲ. ಅದಕ್ಕಿರುವ ಆಧಾರ 2002ರ ಒಂದು ಅಧ್ಯಯನ, ಅದೂ 38 ಜನರದ್ದು, ಬಿಲ್ಲೆಬಿಲ್ಲೆಯಾಗಿ ಕೂದಲು ಹೋಗುವ ಕಾಯಿಲೆಯ ಮೇಲೆ. ಎಲ್ಲ ಕೂದಲುದುರುವಿಕೆಗೂ ಅದನ್ನು ಅನ್ವಯಿಸಲಾಗದು.

ನೈಸರ್ಗಿಕ ಎಂದ ಮಾತ್ರಕ್ಕೆ ಮೃದು ಎಂದು ತಿಳಿಯಬೇಡಿ. ಅಡುಗೆ ಸೋಡಾ ಕ್ಷಾರ, ಎಳೆಯ ಮೇಲ್ಪದರವನ್ನು ಬಿಚ್ಚಿಸುತ್ತದೆ. ಗೋರಂಟಿ ಕೊಡುವ ಬಣ್ಣ ಕೆಂಪು. ಕಪ್ಪು ಬಣ್ಣ ಕೊಡುವ ಮೆಹಂದಿ ಪುಡಿಯಲ್ಲಿ ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಅದು ಕೆಲವರ ನೆತ್ತಿಯನ್ನು ಬೊಬ್ಬೆಯೆಬ್ಬಿಸಿ ಸುಡುತ್ತದೆ.

ಹೋದ ವರ್ಷ ತರೀಕೆರೆಯ ನನ್ನ ಅಕ್ಕನ ಮಗಳು ಮದುವೆಗೆ ಮುಂಚೆ ಕೂದಲು ನೇರ ಮಾಡಿಸಲು ಹೋಗಿದ್ದಳು. ದ್ರವ ಹಚ್ಚಿ ಬಿಸಿ ಇಸ್ತ್ರಿ ಎಳೆಯುತ್ತಿದ್ದಂತೆ ಕಣ್ಣುರಿ, ಕೆಮ್ಮು. ಇಂಥ ಕೆಲವು ದ್ರವಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ, ಅದು ಕ್ಯಾನ್ಸರ್‌ಕಾರಕ. 2022ರಲ್ಲಿ ಅಮೆರಿಕದಲ್ಲಿ 33,497 ಮಹಿಳೆಯರನ್ನು ಕುರಿತ ಅಧ್ಯಯನದ ಅಂದಾಜು ಹೀಗಿತ್ತು: ನೇರಕಾರಕಗಳನ್ನು ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇ. 1.64, ಪದೇ ಪದೇ ಬಳಸಿದವರಲ್ಲಿ ಶೇ. 4.05. ಅವುಗಳಿಂದಲೇ ಬಂತು ಎಂದು ಇದು ಸಾಬೀತು ಮಾಡುವುದಿಲ್ಲ, ಆದರೆ ನನ್ನ ಮಗಳನ್ನು ನಾನು ಆ ಕುರ್ಚಿಯಲ್ಲಿ ಕೂರಿಸುವುದಿಲ್ಲ.

ಆ ಹುಡುಗಿ ಅರ್ಧಕ್ಕೇ ಎದ್ದು ಬಂದಳು. ಮದುವೆಯ ದಿನ ದಾಸವಾಳದ ಲೋಳೆಯಲ್ಲಿ ಸಿಕ್ಕು ಬಿಡಿಸಿ ಮೊಗ್ಗಿನ ಜಡೆ ಹಾಕಿದೆವು. ನೇರ ಕೂದಲಾಗಿದ್ದರೆ ಮೊಗ್ಗಿನ ಜಡೆ ಜಾರದಂತೆ ಹತ್ತಿಪ್ಪತ್ತು ಪಿನ್ನು ಬೇಕಾಗುತ್ತಿತ್ತು. ಅವಳ ಸುರುಳಿಗಳೇ ಮೊಗ್ಗನ್ನು ಹಿಡಿದುಕೊಂಡಿದ್ದವು, ಊಟದ ಪಂಕ್ತಿ ಮುಗಿದರೂ ಒಂದೂ ಉದುರಲಿಲ್ಲ.